ಅವ್ವನ ಕಣ್ಣಿಗೆ ಕಾಣುವ ಆ ಗೇಣುದ್ದದ ಮಕ್ಕಳು

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ 72 ವರ್ಷ. ಆರು ವರ್ಷದಿಂದ ಗ್ಲಾಕೋಮಾ (ಕಣ್ಣಿನ ಒತ್ತಡದಿಂದ ನರ ಹಾಳಾಗುವ ರೋಗ) ಇದೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಕಾಣುತ್ತದೆ, ಅದರಲ್ಲೂ ಪೊರೆ ಬಂದಿದೆ ಎಂದಿದ್ದಾರೆ. ಮೂರು ತಿಂಗಳಿಂದ ಹೊಸ ತೊಂದರೆ ಶುರುವಾಗಿದೆ. ಸಂಜೆ ಪಡಸಾಲೆಯಲ್ಲಿ ಕುಳಿತಾಗ ಎದುರಿಗೆ ಗೇಣುದ್ದದ ಮಕ್ಕಳು ಆಡುತ್ತಾರೆ, ರುಮಾಲು ಸುತ್ತಿದ ಗಂಡಸರು ಸಾಲಾಗಿ ಕುಳಿತಿರುತ್ತಾರೆ ಎನ್ನುತ್ತಾಳೆ. ಯಾರೂ ಮಾತಾಡುವುದಿಲ್ಲವಂತೆ. ಕೆಲವು ದಿನ ಗೋಡೆ ತುಂಬ ಕಸೂತಿ ಹಾಕಿದಂತೆ ಕಾಣುತ್ತದಂತೆ. ಮೊದಲ ದಿನ ನನ್ನ ಹೆಂಡತಿಗೆ ‘ಮಂದಿ ಬಂದು ಎಷ್ಟೊತ್ತಾತು, ಚಾ ಇಡವಾ’ ಎಂದಳು. ಯಾರೂ ಇಲ್ಲ ಅಂದೆವು. ಈಗ ‘ಅವರು ಖರೇ ಅಲ್ಲ ಅಂತ ನನಗೂ ಗೊತ್ತದ, ಆದ್ರೂ ಕಾಣ್ತಾರ’ ಎನ್ನುತ್ತಾಳೆ. ನೆನಪು ಚೆನ್ನಾಗಿದೆ, ಹಾಲಿನ ಲೆಕ್ಕ ಈಗಲೂ ಅವಳದೇ. ಓಣಿಯವರು ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದೆವು. ಸೋದರಮಾವ ಧಾರವಾಡಕ್ಕೆ ತೋರಿಸು ಅನ್ನುತ್ತಾನೆ. ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ತಂದಿದ್ದೇವೆ, ಇನ್ನೂ ಕೊಟ್ಟಿಲ್ಲ. ಕಣ್ಣಿನ ಡ್ರಾಪ್ಸ್‌ನಿಂದಲೇ ಹೀಗಾಗಿರಬಹುದು ಅಂತ ಹತ್ತು ದಿನದಿಂದ ನಿಲ್ಲಿಸಿದ್ದೇವೆ, ಆದರೂ ಕಾಣುವುದು ನಿಂತಿಲ್ಲ. ಅವ್ವನಿಗೆ ತಲೆ ಕೆಡುತ್ತಿದೆಯಾ? ಪೊರೆ ಆಪರೇಷನ್ ಮಾಡಿಸಿದರೆ ಇದು ಹೋಗುತ್ತದೆಯಾ?

ಉತ್ತರ: ಮೊದಲು ಒಂದು ಕೆಲಸ ಹೇಳುತ್ತೇನೆ, ಅದನ್ನು ಮಾಡಿ ಬಂದು ಮುಂದೆ ಓದಿ. ಡ್ರಾಪ್ಸ್ ಇವತ್ತಿನಿಂದಲೇ ಮತ್ತೆ ಹಾಕಿ. ಬಾಟಲಿ ತೆರೆದು ತಿಂಗಳು ದಾಟಿದ್ದರೆ ಹೊಸದು ತನ್ನಿ. ಈ ವಾರದಲ್ಲೇ ಕಣ್ಣಿನ ಒತ್ತಡ ಅಳೆಸಿ.

ಯಾಕೆ ಇಷ್ಟು ಅವಸರ ಅಂದರೆ, ನಿಮ್ಮ ಅವ್ವನಂಥವರಲ್ಲಿ ಕಣ್ಣಿನ ಒತ್ತಡ ಏರಿದರೆ ಸಾಮಾನ್ಯವಾಗಿ ನೋವೂ ಆಗುವುದಿಲ್ಲ, ಕೆಂಪೂ ಆಗುವುದಿಲ್ಲ. ಹತ್ತು ದಿನ ಬಿಟ್ಟರೂ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಗ್ಲಾಕೋಮಾದಲ್ಲಿ ಸತ್ತ ನರದ ಎಳೆ ಮತ್ತೆ ಚಿಗುರುವುದಿಲ್ಲ. ಅವರ ಹತ್ತಿರ ಉಳಿದಿರುವುದು ಒಂದೇ ಕಣ್ಣು, ಅದರಲ್ಲೂ ನಡುವಿನ ಒಂದು ಚೂರು. ನಿಮ್ಮ ಸಂಶಯ ಪೂರ್ತಿ ಹುಸಿ ಅಂತ ನಾನು ಹೇಳುವುದಿಲ್ಲ. ಟಿಮೋಲಾಲ್, ಬ್ರಿಮೋನಿಡಿನ್ ಥರದ ಡ್ರಾಪ್ಸ್ ಹಾಕಿಕೊಂಡ ವಯಸ್ಸಾದವರಲ್ಲಿ, ಬಹಳ ಅಪರೂಪಕ್ಕೆ, ಇಲ್ಲದ್ದು ಕಂಡ ಉದಾಹರಣೆಗಳಿವೆ. ಆದರೆ ನೀವೇ ಬರೆದಿದ್ದೀರಲ್ಲ, ಹತ್ತು ದಿನ ನಿಲ್ಲಿಸಿದರೂ ಆ ಮಕ್ಕಳು ಬರುವುದು ನಿಂತಿಲ್ಲ ಅಂತ. ಅಲ್ಲಿಗೆ ಡ್ರಾಪ್ಸ್ ಮೇಲಿನ ಅನುಮಾನ ಬಹುಪಾಲು ಕಳೆಯಿತು. ಇನ್ನೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ಡಾಕ್ಟರ ಹತ್ತಿರ ಹೇಳಿ ಬೇರೆ ಡ್ರಾಪ್ಸ್‌ಗೆ ಬದಲಾಯಿಸಿಕೊಳ್ಳಬಹುದು. ಬದಲಾಯಿಸುವುದು ಬೇರೆ, ನಿಲ್ಲಿಸುವುದು ಬೇರೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಅವ್ವಾರನ್ನು ಕಣ್ಣಾರೆ ನೋಡದೆ ಕೊನೆ ಮಾತು ಹೇಳುವುದು ಸರಿಯಲ್ಲ. ಆದರೆ ನೀವು ಬರೆದದ್ದರಲ್ಲಿ ತಲೆ ಕೆಟ್ಟ ಲಕ್ಷಣ ನನಗೆ ಒಂದೂ ಕಾಣುವುದಿಲ್ಲ. ಗೇಣುದ್ದದ ಮಕ್ಕಳು, ರುಮಾಲಿನ ಗಂಡಸರು, ಗೋಡೆ ಮೇಲಿನ ಕಸೂತಿ, ಮಾತಿಲ್ಲ ಕಥೆಯಿಲ್ಲ, ‘ಖರೇ ಅಲ್ಲ ಅಂತ ಗೊತ್ತದ’ ಅನ್ನುವ ಮಾತು. ಇಷ್ಟು ಕೇಳಿದರೆ ಯಾವ ಕಣ್ಣಿನ ಡಾಕ್ಟರಿಗಾದರೂ ಒಂದು ಹೆಸರು ನೆನಪಾಗಬೇಕು. ಚಾರ್ಲ್ಸ್ ಬೊನೆ ಸಿಂಡ್ರೋಮ್.

ಬೊನೆ ಡಾಕ್ಟರಲ್ಲ. ಜಿನೀವಾದವನು, ಹುಳ ಹುಪ್ಪಟೆ ಗಿಡ ಮರ ಅಂತ ಅಧ್ಯಯನ ಮಾಡುತ್ತಿದ್ದ ಮನುಷ್ಯ. ಅವನ ಅಜ್ಜ ಚಾರ್ಲ್ಸ್ ಲುಲ್ಲಿನ್‌ಗೆ ತೊಂಬತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಆ ಅಜ್ಜನಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಕುದುರೆ ಗಾಡಿಗಳು, ದೊಡ್ಡ ಕಟ್ಟಡಗಳು ಎದುರಿಗೇ ಬಂದು ಹೋಗುತ್ತಿದ್ದವು. ಬುದ್ಧಿ ಮಾತ್ರ ಚುರುಕಾಗಿತ್ತು, ಇವೆಲ್ಲ ನಿಜವಲ್ಲ ಅಂತಲೂ ಗೊತ್ತಿತ್ತು. ಮೊಮ್ಮಗ ಅದನ್ನೆಲ್ಲ 1760ರಲ್ಲಿ ಬರೆದಿಟ್ಟ. ಅಂದರೆ ನಿಮ್ಮ ಮನೆಯ ಪಡಸಾಲೆಯಲ್ಲಿ ಈಗ ನಡೆಯುತ್ತಿರುವುದು ಇನ್ನೂರೈವತ್ತು ವರ್ಷಕ್ಕೂ ಹಿಂದೆ ಕಾಗದಕ್ಕೆ ಬಂದಿರುವ ವಿಷಯ. ಅವರ ಕಡೆ ಕುದುರೆ ಗಾಡಿ ಬಂತು, ನಮ್ಮ ಕಡೆ ರುಮಾಲು ಬಂತು, ಅಷ್ಟೇ. ನನ್ನ ಹತ್ತಿರ ಬರುವವರಲ್ಲಿ ಚಕ್ಕಡಿ ಸಾಲು ಕಂಡವರಿದ್ದಾರೆ, ಕುರಿ ಹಿಂಡು ಕಂಡವರಿದ್ದಾರೆ.

ಇದು ಅಪರೂಪವೂ ಅಲ್ಲ. ದೃಷ್ಟಿ ತುಂಬಾ ಕಳೆದುಕೊಂಡವರಲ್ಲಿ ಹತ್ತಕ್ಕೆ ಒಬ್ಬಿಬ್ಬರಿಗಾದರೂ ಹೀಗಾಗುತ್ತದೆ. ಆದರೆ ಹೇಳಿಕೊಳ್ಳುವವರು ಕಡಿಮೆ. ಹಾವೇರಿ ಕಡೆಯ ಒಬ್ಬ ನಿವೃತ್ತ ಮಾಸ್ತರರು ಎಂಟು ತಿಂಗಳು ಹೆಂಡತಿಗೂ ಹೇಳಿರಲಿಲ್ಲ. ನಾನಾಗಿ ‘ಮಾಸ್ತರೇ, ಇಲ್ಲದ್ದು ಏನಾದರೂ ಕಾಣುತ್ತದೆಯೇ’ ಅಂತ ಕೇಳಿದಾಗ ಮೊದಲು ಎದ್ದು ಹೋಗಿ ಬಾಗಿಲು ಹಾಕಿ ಬಂದರು, ಆಮೇಲೆ ಬಾಯಿಬಿಟ್ಟರು. ನಾನೂ ಮೊದಲಿನಿಂದ ಕೇಳುತ್ತಿದ್ದವನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ ಇಂಥದ್ದೇ ಹೇಳಿದಾಗ ‘ವಯಸ್ಸಾಯ್ತಲ್ಲ ಆಯಿ’ ಅಂತ ನಕ್ಕು ಕಳಿಸಿಬಿಟ್ಟಿದ್ದೆ. ಅವರು ಮತ್ತೆ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಇದೆಲ್ಲ ಯಾಕಾಗುತ್ತದೆ? ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಕಾರಣ ತಿಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಕಣ್ಣು ಕ್ಯಾಮೆರಾ ಇದ್ದಂತೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅರ್ಧ ಸತ್ಯ. ಕಣ್ಣಿನ ಹಿಂದಿನ ಪರದೆ ಮೇಲೆ ಚಿತ್ರ ಬೀಳುತ್ತದೆ, ತಲೆಕೆಳಗಾಗಿ ಬೀಳುತ್ತದೆ, ಅಲ್ಲಿವರೆಗೆ ಸರಿ. ಆದರೆ ಆ ಚಿತ್ರವನ್ನು ಹಾಗೇ ಎತ್ತಿ ಮಿದುಳಿಗೆ ಯಾರೂ ಕಳಿಸುವುದಿಲ್ಲ. ಆ ಪರದೆಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಒಂದು ಕಣ್ಣಿಗೆ ಹನ್ನೆರಡು ಕೋಟಿಗೂ ಮೇಲೆ ಇವೆ. ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳು ಹತ್ತು-ಹನ್ನೆರಡು ಲಕ್ಷ ಮಾತ್ರ. ಅಂದರೆ ಹೊರಡುವ ಮೊದಲೇ ಸುದ್ದಿ ಸೋಸಿ, ಕತ್ತರಿಸಿ, ಸಣ್ಣದಾಗಿರುತ್ತದೆ. ಇನ್ನು ಚೊಕ್ಕವಾಗಿ ಕಾಣುವ ಜಾಗ ಎಷ್ಟು ಗೊತ್ತಾ? ಕೈಯನ್ನು ಉದ್ದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಸುಮಾರು ಅಷ್ಟಗಲ. ಅದರಾಚೆಯದೆಲ್ಲ ಮಂಜು ಮಂಜು. ಕಣ್ಣು ಸೆಕೆಂಡಿಗೆ ಮೂರು ಸಲದ ಹತ್ತಿರ ಅಲ್ಲಿಂದಿಲ್ಲಿಗೆ ಜಿಗಿಯುತ್ತಾ ಚೂರು ಚೂರು ಹೆಕ್ಕಿ ತರುತ್ತದೆ, ಮಿದುಳು ಅವನ್ನು ಹೊಲಿದು ಒಂದು ಕೌದಿ ಮಾಡಿ ಇಡೀ ಕೋಣೆ ಕಾಣುತ್ತಿದೆ ಅಂತ ನಮ್ಮನ್ನು ನಂಬಿಸುತ್ತದೆ. ಹೊಲಿಗೆ ಎಷ್ಟು ನಾಜೂಕು ಅಂದರೆ ಒಂದು ಟಾಕೆಯೂ ಕಾಣುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಗುಣಿಸು ಚಿಹ್ನೆ, ಅದರಿಂದ ಎಂಟು ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಗುಣಿಸು ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನ ಹಿಂದೆ ಮುಂದೆ ಮಾಡಿ. ಒಂದಡಿ ದೂರದ ಆಸುಪಾಸಿನಲ್ಲಿ ಚುಕ್ಕೆ ಮಾಯವಾಗುತ್ತದೆ. ಅಲ್ಲಿ ನರ ಕಣ್ಣಿನಿಂದ ಹೊರಗೆ ಹೋಗುವ ಜಾಗ, ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸ್‌ನ ಎಡ್ಮ್ ಮಾರಿಯಟ್ ಎಂಬವನು 1660ರ ದಶಕದಲ್ಲೇ ಇದನ್ನು ಕಂಡುಹಿಡಿದ. ಚುಕ್ಕೆ ಮಾಯವಾದದ್ದು ದೊಡ್ಡ ವಿಷಯ ಅಲ್ಲ. ಅದು ಮಾಯವಾದಾಗ ಅಲ್ಲಿ ತೂತು ಕಂಡಿತಾ? ಇಲ್ಲ. ಬಿಳಿ ಹಾಳೆ ಕಂಡಿತು. ಆ ಬಿಳಿಯನ್ನು ಕಣ್ಣು ನೋಡಲಿಲ್ಲ. ಸುತ್ತ ಬಿಳಿ ಇದೆ, ಹಾಗಾದರೆ ಇಲ್ಲೂ ಬಿಳಿಯೇ ಇರಬೇಕು ಅಂತ ಮಿದುಳು ತುಂಬಿಬಿಟ್ಟಿತು.

ಇನ್ನೊಂದು. ನಿಮ್ಮದು ಗದಗ, ಲಕ್ಕುಂಡಿ ದೂರವಿಲ್ಲ. ಹೋದಾಗ ಒಂದು ಶಾಸನದ ಫೋಟೋ ತೆಗೆಯಿರಿ, ಮೇಲಿನಿಂದ ಬಿಸಿಲು ಬಿದ್ದಿರಬೇಕು. ಆಮೇಲೆ ಫೋಟೋವನ್ನು ತಲೆಕೆಳಗು ಮಾಡಿ ನೋಡಿ. ಕಲ್ಲಿನಲ್ಲಿ ಕೊರೆದು ಒಳಗಿಳಿದ ಅಕ್ಷರಗಳು ಉಬ್ಬಿಕೊಂಡು ಹೊರಗೆ ಬಂದಂತೆ ಕಾಣುತ್ತವೆ, ಹೆಚ್ಚಿನವರಿಗೆ. ಕಲ್ಲು ಅದೇ, ಫೋಟೋ ಅದೇ. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಅಂತ ಮಿದುಳು ಜನ್ಮದಲ್ಲೆಲ್ಲ ನೋಡಿ ಕಲಿತಿದೆ, ಆ ಅಂದಾಜಿನ ಮೇಲೆ ತಗ್ಗು ಯಾವುದು ಉಬ್ಬು ಯಾವುದು ಅಂತ ತೀರ್ಮಾನ ಮಾಡುತ್ತದೆ. ನೋಡುವುದು ಅಂದರೆ ಬಹುಪಾಲು ಇದೇ. ಕಣ್ಣು ಸುಳಿವು ಕೊಡುತ್ತದೆ, ಮಿದುಳು ಅಂದಾಜು ಮಾಡುತ್ತದೆ. ಕಣ್ಣಿನಿಂದ ಬರುವ ನರಗಳು ಮಿದುಳಿನ ನಡುವೆ ಒಂದು ಠಾಣೆಗೆ ಬಂದು ಅಲ್ಲಿಂದ ತಲೆಯ ಹಿಂಭಾಗಕ್ಕೆ ಹೋಗುತ್ತವೆ. ಆ ಠಾಣೆಯಲ್ಲಿ ಕಣ್ಣಿನಿಂದ ಬಂದ ಸಂಪರ್ಕಗಳಿಗಿಂತ ಮಿದುಳಿನ ಕಡೆಯಿಂದ ಬಂದವೇ ಎಷ್ಟೋ ಜಾಸ್ತಿ. ಕಣ್ಣು ಹೇಳುವುದನ್ನು ಕೇಳುವ ಮೊದಲೇ ‘ಹಿಂಗಿರಬೇಕು ನೋಡು’ ಅಂತ ಮಿದುಳು ಹೇಳಿ ಕಳಿಸಿರುತ್ತದೆ, ಹಾಗೆ ಅಂದುಕೊಳ್ಳಿ.

ಈಗ ನಿಮ್ಮ ಅವ್ವನ ಕಡೆ ಬರೋಣ. ಗ್ಲಾಕೋಮಾ ಬಂದವರಿಗೆ ದೃಷ್ಟಿ ಹೋದ ಜಾಗ ಕಪ್ಪಗೆ ಕಾಣುತ್ತದೆ ಅಂತ ಜನ ತಿಳಿದಿದ್ದಾರೆ. ಕಾಣುವುದಿಲ್ಲ. ಹೋದ ಜಾಗವನ್ನೂ ಮಿದುಳು ಆ ಬಿಳಿ ಹಾಳೆಯಂತೆಯೇ ತುಂಬುತ್ತಾ ಹೋಗುತ್ತದೆ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ಲಿನಲ್ಲಿ ‘ಆ ಬೈಕ್ ಎಲ್ಲಿಂದ ಬಂತೋ ಏನೋ, ಒಮ್ಮಿಂದೊಮ್ಮೆಲೇ ಎದುರಿಗೆ ಬಂತು’ ಅಂತ ಹೇಳುವ ಐವತ್ತು ದಾಟಿದವರನ್ನು ಪರೀಕ್ಷೆ ಮಾಡಿದರೆ ಕೆಲವರಲ್ಲಿ ಪಕ್ಕದ ದೃಷ್ಟಿ ಅರ್ಧ ಹೋಗಿರುತ್ತದೆ, ಅವರಿಗೆ ಸುಳಿವೇ ಇರುವುದಿಲ್ಲ. ನಿಮ್ಮ ಅವ್ವನಿಗೂ ಹಾಗೇ ಆಗಿರಬೇಕು. ರೋಗ ಗೊತ್ತಾಗುವ ಹೊತ್ತಿಗೆ ಎಡಗಣ್ಣು ಬಹಳ ಹೋಗಿತ್ತು ಅಲ್ವಾ? ಅಷ್ಟು ವರ್ಷ ರೋಗವನ್ನು ಬಚ್ಚಿಟ್ಟದ್ದು ಮಿದುಳಿನ ಇದೇ ತುಂಬುವ ಚಾಳಿ. ಇವತ್ತು ಸಂಜೆ ಪಡಸಾಲೆಗೆ ಮಕ್ಕಳನ್ನು ಕರೆತರುವುದೂ ಅದರ ಅಣ್ಣ ತಮ್ಮನಂಥದ್ದೇ.

ವ್ಯತ್ಯಾಸ ಇಷ್ಟು. ಸ್ವಲ್ಪ ಜಾಗ ಹೋದಾಗ ಸುತ್ತಲಿನದನ್ನು ನೋಡಿ ತುಂಬಬಹುದು. ಬಹಳ ಜಾಗ ಹೋದರೆ ನೋಡಿ ತುಂಬಲು ಸುತ್ತ ಏನು ಉಳಿಯಿತು? ಮಿದುಳಿನ ನೋಡುವ ಭಾಗಕ್ಕೆ ಕೆಲಸ ಬರುವುದು ನಿಂತರೂ ಅದು ಅಂಗಡಿ ಮುಚ್ಚುವುದಿಲ್ಲ. ಸುದ್ದಿ ಕಡಿಮೆಯಾದಷ್ಟೂ ಆ ಜೀವಕೋಶಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ, ಯಾರೂ ಕರೆಯದಿದ್ದರೂ ತಾವಾಗಿಯೇ ಮಿಡಿಯಲು ಶುರು ಮಾಡುತ್ತವೆ. ಕಾಲು ಕತ್ತರಿಸಿದವರಿಗೆ ಇಲ್ಲದ ಕಾಲಿನ ಬೆರಳು ನವೆಯಾಗುವುದನ್ನು ಕೇಳಿರುತ್ತೀರಿ. ಇದು ಕಣ್ಣಿನ ಕಡೆಯ ಅಂಥದ್ದು.

ಮಿದುಳಿನಲ್ಲಿ ಮುಖ ಗುರುತಿಸಲು ಒಂದು ಜಾಗ, ಬಣ್ಣಕ್ಕೆ ಒಂದು ಜಾಗ, ಗೆರೆ-ನಕ್ಷೆಗಳಿಗೆ ಬೇರೆ ಜಾಗಗಳಿವೆ. ಯಾವುದು ಮಿಡಿಯಿತೋ ಅದರದ್ದೇ ಕಾಣುತ್ತದೆ. 1998ರಲ್ಲಿ ಲಂಡನ್ನಿನ ಡೊಮಿನಿಕ್ ಫಿಚ್ ಮತ್ತು ಜೊತೆಯವರು ಇಂಥ ರೋಗಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಇದನ್ನೇ ತೋರಿಸಿದರು. ಇಲ್ಲದ ಬಣ್ಣ ಕಾಣುವಾಗ ಬಣ್ಣದ ಜಾಗ, ಇಲ್ಲದ ಮುಖ ಕಾಣುವಾಗ ಮುಖದ ಜಾಗ ಚುರುಕಾಗಿತ್ತು. ನನಗೆ ಇದರಲ್ಲಿ ಮುಖ್ಯ ಅನಿಸುವುದು, ಅವ್ವ ‘ಕಾಣ್ತಾರ’ ಅಂದರೆ ನಿಜಕ್ಕೂ ಕಾಣುತ್ತಾರೆ. ಅವರು ಕಲ್ಪಿಸಿಕೊಂಡು ಹೇಳುತ್ತಿಲ್ಲ, ನಾಟಕ ಮಾಡುತ್ತಿಲ್ಲ. ನಿಮ್ಮ ಹೆಂಡತಿಯ ಮುಖ ಕಾಣುವಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಆ ಮಕ್ಕಳು ಕಾಣುವಾಗಲೂ ಅದೇ ಮಾಡುತ್ತದೆ. ಗೋಡೆ ಮೇಲೆ ಕಸೂತಿ ಕಂಡರೆ ಅದು ನಕ್ಷೆ ನೋಡುವ ಭಾಗದ ಕೆಲಸ. ಜಾಳಿಗೆ, ಇಟ್ಟಿಗೆ ಸಾಲು, ಚೌಕ ಚೌಕದ ನಕ್ಷೆ ಕಾಣುವುದು ಇದರಲ್ಲಿ ಬಹಳ ಸಾಮಾನ್ಯ. ಯಾವುದೋ ದೇಶದವರು ಅದನ್ನು ಟೈಲ್ಸ್ ಅನ್ನುತ್ತಾರೆ, ಕೈಯಲ್ಲಿ ಸೂಜಿ ಹಿಡಿದು ಬೆಳೆದ ನಮ್ಮ ಅವ್ವಂದಿರು ಕಸೂತಿ ಅನ್ನುತ್ತಾರೆ.

ತಲೆ ಸರಿ ಇದ್ದವರಿಗೆ ಹೀಗಾಗುತ್ತದಾ ಅಂತ ಸೋದರಮಾವ ಕೇಳಿದರೆ ಇದೊಂದು ಹೇಳಿ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಣ್ಣೂ ಮನಸ್ಸೂ ಚೆನ್ನಾಗಿದ್ದ 13 ಜನರ ಕಣ್ಣಿಗೆ ಐದು ದಿನ ಪಟ್ಟಿ ಕಟ್ಟಿ ಬಿಟ್ಟರು. ಅವರಲ್ಲಿ 10 ಜನಕ್ಕೆ ಇಲ್ಲದ್ದು ಕಾಣಲು ಶುರುವಾಯಿತು. ಪಟ್ಟಿ ಬಿಚ್ಚಿದ ಮೇಲೆ ಹೋಯಿತು. ನಿಮ್ಮ ಅವ್ವನ ಪಟ್ಟಿ ಬಿಚ್ಚಲು ಬರುವುದಿಲ್ಲ, ಅದೊಂದೇ ತೊಂದರೆ.

ಸಂಜೆಯೇ ಯಾಕೆ ಅಂತಲೂ ಈಗ ನಿಮಗೆ ಹೊಳೆದಿರಬೇಕು. ಬೆಳಕು ಇಳಿದಿರುತ್ತದೆ, ಸುಳಿವು ಇನ್ನೂ ಕಡಿಮೆ. ಹಿತ್ತಲಿಗೆ ಹೋಗಿರುತ್ತೀರಿ, ಒಬ್ಬರೇ ಸುಮ್ಮನೆ ಕುಳಿತಿರುತ್ತಾರೆ. ಪಡಸಾಲೆಯಲ್ಲಿ ಮಂದ ಬಲ್ಬು. ಗಾಳಿ ದೆವ್ವಗಳೂ ಮುಸ್ಸಂಜೆಗೇ ಬರುತ್ತವೆ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದರಲ್ಲಿ ಎಷ್ಟು ಪಾಲು ಹಳ್ಳಿಯ ಮುದುಕರ ಪೊರೆಗಣ್ಣಿನದೋ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ. ತಾಯತದ ಬಗ್ಗೆ ನನ್ನದೇನೂ ತಕರಾರಿಲ್ಲ, ಕೊರಳಲ್ಲಿದ್ದರೆ ಇರಲಿ. ಆದರೆ ಕಣ್ಣಿಗೆ ಸೊಪ್ಪಿನ ರಸ ಹಿಂಡುವುದು, ಮಂತ್ರಿಸಿದ ಕಾಡಿಗೆ ಹಚ್ಚುವುದು, ಹೊಗೆ ಹಾಕುವುದು, ಇವಕ್ಕೆ ಮಾತ್ರ ಬಿಡಬೇಡಿ. ಉಳಿದಿರುವ ಕಣ್ಣಿನ ಕರಿಗುಡ್ಡೆಗೆ ಹುಣ್ಣಾದರೆ ಅದನ್ನು ಸರಿಮಾಡುವುದು ಬಹಳ ಕಷ್ಟ.

ಸೋದರಮಾವ ಹೇಳಿದ ‘ಧಾರವಾಡ’ದ ಮಾತು. ನಮ್ಮ ಕಡೆ ಧಾರವಾಡಕ್ಕೆ ತೋರಿಸು ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಅಷ್ಟು ಪೇಡೆ ಹಂಚಿದರೂ ಆ ಊರಿಗೆ ಆ ಹೆಸರು ತಪ್ಪಲಿಲ್ಲ! ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಬೇಕಾದಾಗ ನಾನೇ ಕಳಿಸುತ್ತೇನೆ. ನಿಮ್ಮ ಅವ್ವನಿಗೆ ಮೊದಲ ಬಾಗಿಲು ಅದಲ್ಲ, ಕಣ್ಣಿನ ಆಸ್ಪತ್ರೆ.

ಹಾಗಂತ ಇಲ್ಲದ್ದು ಕಂಡದ್ದೆಲ್ಲ ಬೊನೆ ಅಂತ ಸುಮ್ನೆ ಕೂರಬಾರದು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಕಾಣುವುದರ ಜೊತೆ ಧ್ವನಿ ಕೇಳಿಸುತ್ತಿದ್ದರೆ, ಇಲ್ಲದ ವಾಸನೆ ಬರುತ್ತಿದ್ದರೆ, ಅವರು ತನಗೆ ಏನೋ ಮಾಡಲು ಬಂದಿದ್ದಾರೆ ಅಂತ ನಂಬಿ ಹೆದರುತ್ತಿದ್ದರೆ, ನಾವು ಎಷ್ಟು ಬಿಡಿಸಿ ಹೇಳಿದರೂ ಒಪ್ಪದಿದ್ದರೆ, ಅದು ಬೇರೆ ದಾರಿ. ಚಾ ಇಡು ಅಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಸಲ ಯಾರಾದರೂ ಮೋಸ ಹೋಗುತ್ತಾರೆ, ಅದೂ ಅತಿಥಿಗಳನ್ನು ಬರಿಗೈಲಿ ಕಳಿಸದ ಮನೆಯಲ್ಲಿ. ನಡಿಗೆ ನಿಧಾನವಾಗಿ ಕಾಲು ಎಳೆಯುವುದು, ಕೈ ನಡುಗುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಒಂದು ದಿನ ಚುರುಕು ಒಂದು ದಿನ ಮಂಕು, ಇವು ಜೊತೆಗಿದ್ದರೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಎಂಬ ಮರೆವಿನ ರೋಗದ ಕಡೆ ನೋಡಬೇಕಾಗುತ್ತದೆ, ಅದಕ್ಕೆ ನರರೋಗದ ಡಾಕ್ಟರು ಬೇಕು.

ಎರಡು ದಿನದಲ್ಲಿ ದಿಢೀರನೆ ಶುರುವಾಗಿ, ಮಾತು ಅಡ್ಡಾದಿಡ್ಡಿಯಾಗಿ, ಜ್ವರ, ಉರಿಮೂತ್ರ, ಊಟ ಬಿಟ್ಟಿರುವುದು ಇದ್ದರೆ ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಅವತ್ತೇ ಆಸ್ಪತ್ರೆ. ಒಂದು ಪಕ್ಕ ಇದ್ದಕ್ಕಿದ್ದಂತೆ ಕಾಣದಾದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಅದು ಲಕ್ವ, ಗಂಟೆಗಳ ಲೆಕ್ಕ. ಕಣ್ಣಲ್ಲಿ ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳ ಮಳೆ ಸುರಿದರೆ ಅದು ಕಣ್ಣಿನ ಒಳಪರದೆ ಹರಿಯುತ್ತಿರುವ ಸೂಚನೆ ಇರಬಹುದು, ಅದೂ ಅವತ್ತೇ. ಹೊಸದಾಗಿ ಯಾವುದಾದರೂ ಗುಳಿಗೆ ಶುರುವಾಗಿದೆಯಾ, ನಿದ್ದೆಯದು, ಮೂತ್ರಕೋಶದ್ದು, ನಡುಕದ್ದು, ಅದನ್ನೂ ನೋಡಿ. ವಯಸ್ಸಾದವರಲ್ಲಿ ಇವು ಕೂಡ ಇಲ್ಲದ್ದನ್ನು ಕಾಣಿಸುತ್ತವೆ.

ನಿಮ್ಮ ಪತ್ರದಲ್ಲಿ ಇವ್ಯಾವೂ ಇಲ್ಲ. ಆದರೂ ಬಿಪಿ, ಶುಗರ್, ಸೋಡಿಯಂ ಒಮ್ಮೆ ನೋಡಿಸಿಬಿಡಿ, ದೊಡ್ಡ ಖರ್ಚಲ್ಲ.

ಇನ್ನು ಮನೆಯಲ್ಲಿ ಏನು ಮಾಡಬೇಕು. ಮುಸ್ಸಂಜೆಗೆ ಮೊದಲೇ ಪಡಸಾಲೆಗೆ ಒಳ್ಳೆ ಬೆಳಕು ಹಾಕಿ, ಬಲ್ಬು ಕಣ್ಣಿಗೆ ನೇರ ಹೊಡೆಯದಂತೆ ಹಿಂದಿನಿಂದ ಬರಲಿ. ಆ ಹೊತ್ತಿಗೆ ಅವರು ಒಬ್ಬರೇ ಕೂರದಂತೆ ನೋಡಿಕೊಳ್ಳಿ, ರೇಡಿಯೋ ಹಚ್ಚಿ, ಅವರೆಕಾಯಿ ಸುಲಿಯಲು ಕೊಡಿ. ಕೈಗೆ ಕೆಲಸ ಕಿವಿಗೆ ಮಾತು ಇದ್ದರೆ ಕಾಣುವುದು ಕಡಿಮೆಯಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಚಿತ್ರ ಬಂದಾಗ ಕಣ್ಣು ಗಟ್ಟಿ ಮುಚ್ಚಿ ತೆಗೆಯುವುದು, ಎದ್ದು ಇನ್ನೊಂದು ಕೋಣೆಗೆ ಹೋಗುವುದು, ಕತ್ತಲಿದ್ದರೆ ಲೈಟು ಹಾಕುವುದು. ಇನ್ನೊಂದು ಉಪಾಯ, ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಎಡಕ್ಕೆ ಬಲಕ್ಕೆ, ಸೆಕೆಂಡಿಗೆ ಒಂದರಂತೆ ಹದಿನೈದು ಸಲ ಹೊರಳಿಸುವುದು. ಮುಟ್ಟಲು ಕೈ ಚಾಚುವುದೂ ಕೆಲವರಿಗೆ ಕೆಲಸ ಮಾಡುತ್ತದೆ. ಆದರೆ ಕಾಣದ ಕಣ್ಣಲ್ಲಿ ಎದ್ದು ಮುಟ್ಟಲು ಹೋಗಿ ಹೊಸ್ತಿಲು ಎಡವಿದರೆ ಸೊಂಟದ ಮೂಳೆಗೆ ಬರುತ್ತದೆ, ಅದಕ್ಕೇ ಕುಳಿತಲ್ಲೇ ಮಾಡಲಿ. ಎಲ್ಲವೂ ಎಲ್ಲರಿಗೂ ಹಿಡಿಸುವುದಿಲ್ಲ, ಒಂದೊಂದಾಗಿ ನೋಡಿ. ಹಲವರಿಗೆ ವರ್ಷ, ಒಂದೂವರೆ ವರ್ಷದಲ್ಲಿ ತಾನಾಗಿ ತೆಳುವಾಗುತ್ತದೆ. ಕೆಲವರಿಗೆ ಎಷ್ಟೋ ವರ್ಷ ಉಳಿಯುತ್ತದೆ, ಆದರೆ ಹೆದರಿಕೆ ಉಳಿಯುವುದಿಲ್ಲ. ಆ ಮಾಸ್ತರರು ಈಗ ಬಂದಾಗಲೆಲ್ಲ ‘ಕುರಿ ಇವತ್ತೂ ಬಂದಾವ್ರಿ, ಮೇವು ಕೇಳಿಲ್ಲ’ ಅನ್ನುತ್ತಾರೆ.

ಪೊರೆ ಆಪರೇಷನ್. ನಮ್ಮ ಕಡೆ ಮೋತಿಬಿಂದು ತೆಗೆಸಿದರೆ ಕಣ್ಣು ಹೊಸದಾಗುತ್ತದೆ ಅನ್ನುತ್ತಾರೆ. ಪೊರೆಯಿಂದ ಮಾತ್ರ ಮಂಜಾಗಿದ್ದರೆ ಆ ಮಾತು ಬಹುಪಾಲು ಸರಿ. ನಿಮ್ಮ ಅವ್ವನಿಗೆ ಎರಡೂ ಇದೆ. ಪೊರೆ ತೆಗೆದರೆ ಒಳಗೆ ಹೋಗುವ ಬೆಳಕು ಜಾಸ್ತಿಯಾಗುತ್ತದೆ, ಉಳಿದ ಆ ನಡುವಿನ ಚೂರು ಚೊಕ್ಕವಾಗುತ್ತದೆ, ಮಿದುಳಿಗೆ ಸುಳಿವು ಹೆಚ್ಚು ಸಿಗುತ್ತದೆ. ಅದರಿಂದ ಈ ಚಿತ್ರಗಳು ಕಡಿಮೆಯಾದವರಿದ್ದಾರೆ, ಪೂರ್ತಿ ನಿಂತವರೂ ಇದ್ದಾರೆ. ಏನೂ ಬದಲಾಗದವರೂ ಇದ್ದಾರೆ. ಗ್ಲಾಕೋಮಾ ತಿಂದ ಭಾಗವನ್ನು ಯಾವ ಆಪರೇಷನ್ನೂ ವಾಪಸ್ ಕೊಡುವುದಿಲ್ಲ.

ಅಪಾಯವನ್ನೂ ಹೇಳಬೇಕು. ಇದು ಅವರ ಕೊನೆಯ ಕಣ್ಣು. ಗ್ಲಾಕೋಮಾ ಇಷ್ಟು ಮುಂದುವರಿದ ಕಣ್ಣಿಗೆ ಆಪರೇಷನ್ ಆದ ಮೇಲೆ ಒತ್ತಡ ಒಮ್ಮೆಲೇ ಏರಬಹುದು, ಬಹಳ ಅಪರೂಪಕ್ಕೆ ಉಳಿದ ದೃಷ್ಟಿಯೂ ಹೋಗಬಹುದು. ಸೋಂಕಿನ ಅಪಾಯ ಯಾವ ಪೊರೆ ಆಪರೇಷನ್ನಿಗೂ ಇದ್ದದ್ದೇ, ಕಡಿಮೆ, ಆದರೆ ಒಂದೇ ಕಣ್ಣಿದ್ದಾಗ ಆ ಕಡಿಮೆಯೂ ಭಾರ. ಅದಕ್ಕೇ ಅವಸರದಲ್ಲಿ ಎಲ್ಲೋ ಒಂದು ಕಡೆ ಮುಗಿಸಿಬಿಡುವ ಕೆಲಸ ಇದಲ್ಲ. ಮೊದಲು ಒತ್ತಡ ಹತೋಟಿಗೆ ಬರಲಿ. ಆಮೇಲೆ ಪಕ್ಕದ ದೃಷ್ಟಿ ಅಳೆಯುವ ಪರೀಕ್ಷೆ, ಅದನ್ನು ಫೀಲ್ಡ್ ಟೆಸ್ಟ್ ಅನ್ನುತ್ತೇವೆ, ನರದ ಸ್ಕ್ಯಾನ್, ಪೊರೆ ಎಷ್ಟು ದಪ್ಪ ಅನ್ನುವುದು, ಮೂರನ್ನೂ ಎದುರಿಗಿಟ್ಟುಕೊಂಡು ಗ್ಲಾಕೋಮಾ ನೋಡುವ ಡಾಕ್ಟರೇ ನಿರ್ಧರಿಸಬೇಕು. ಮಂಜಿಗೆ ಪೊರೆಯ ಪಾಲು ದೊಡ್ಡದಿದ್ದರೆ ನಾನು ಮಾಡಿಸಿ ಅನ್ನುತ್ತೇನೆ. ಪೊರೆ ತೆಳುವಿದ್ದರೆ, ಈ ಚಿತ್ರಗಳನ್ನು ಓಡಿಸಲೆಂದೇ ಆ ಕಣ್ಣಿಗೆ ಕೈ ಹಾಕಲು ನನಗೆ ಧೈರ್ಯ ಬರುವುದಿಲ್ಲ. ಆಪರೇಷನ್ ಆದರೆ ಮೊದಲ ಸಂಜೆಯೇ ಒತ್ತಡ ನೋಡುತ್ತಾರಾ, ಸೂಜಿ ಬದಲು ಡ್ರಾಪ್ಸ್ ಹಾಕಿಯೇ ಮರಗಟ್ಟಿಸಲು ಬರುತ್ತದಾ ಅಂತ ಕೇಳಿ. ಕೇಳಿದರೆ ಒಳ್ಳೆ ಡಾಕ್ಟರು ಬೇಜಾರಾಗುವುದಿಲ್ಲ.

ಗುಳಿಗೆಗಳ ವಿಷಯ ಚಿಕ್ಕದು. ಇದಕ್ಕೇ ಅಂತ ಗಟ್ಟಿಯಾಗಿ ಸಾಬೀತಾದ ಮಾತ್ರೆ ಒಂದೂ ಇಲ್ಲ. ತುಂಬಾ ಹೆದರಿ ಊಟ ನಿದ್ದೆ ಬಿಟ್ಟವರಿಗೆ ಮನೋರೋಗ ಅಥವಾ ನರರೋಗದ ಡಾಕ್ಟರು ಕೆಲವು ಗುಳಿಗೆಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡುತ್ತಾರೆ. ಅವುಗಳಿಂದ ಮಂಪರು, ನಡುಕ, ಬೀಳುವುದು ಇದ್ದದ್ದೇ, ಲೂಯಿ ಬಾಡಿ ರೋಗ ಒಳಗೆ ಅಡಗಿದ್ದರೆ ಹ್ಯಾಲೋಪೆರಿಡಾಲ್ ಥರದ ಗುಳಿಗೆ ಜೀವಕ್ಕೇ ಕುತ್ತಾಗಬಹುದು. ಮೆಡಿಕಲ್ ಅಂಗಡಿಯಿಂದ ತಂದ ನಿದ್ದೆ ಗುಳಿಗೆಯನ್ನು ಕೊಡಲಿಲ್ಲ, ಬಹಳ ಒಳ್ಳೆಯದು ಮಾಡಿದಿರಿ. ರಾತ್ರಿ ಒಂದಕ್ಕೆ ಏಳುವಾಗ ಬಿದ್ದರೆ ಈ ರುಮಾಲಿನ ಗಂಡಸರು ಬಂದು ಎತ್ತುವುದಿಲ್ಲ.

ಅವ್ವಾರ ಹತ್ತಿರ ಇದನ್ನು ಹೇಗೆ ಮಾತಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಯಾರೂ ಇಲ್ಲ, ಸುಮ್ನಿರು’ ಅನ್ನಬೇಡಿ. ಹಾಗಂದರೆ ಅವರು ಹೇಳುವುದು ನಿಲ್ಲಿಸುತ್ತಾರೆ, ಕಾಣುವುದು ನಿಲ್ಲುವುದಿಲ್ಲ. ‘ಹೌದವ್ವಾ, ಕಣ್ಣು ಮಂಜಾದವರಿಗೆ ಹಿಂಗ ಕಾಣತೈತಂತ, ಡಾಕ್ಟ್ರು ಹೇಳ್ಯಾರ’ ಅನ್ನಿ. ಇವತ್ತು ಎಷ್ಟು ಮಂದಿ ಬಂದಿದ್ದರು, ಯಾವ ಬಣ್ಣದ ರುಮಾಲು ಅಂತ ಕೇಳಿ. ಮೊಮ್ಮಕ್ಕಳಿಗೂ ತಿಳಿಸಿ ಹೇಳಿ, ಇಲ್ಲದಿದ್ದರೆ ಆಯಿಗೆ ದೆವ್ವ ಬಂದಿದೆ ಅಂತ ಶಾಲೆಯಲ್ಲಿ ಹೇಳಿಕೊಂಡು ಬರುತ್ತವೆ. ಯಾವ ಹೊತ್ತಿಗೆ, ಎಷ್ಟು ಹೊತ್ತು, ಏನು ಕಂಡಿತು ಅಂತ ಹಾಲಿನ ಲೆಕ್ಕದ ವಹಿಯಲ್ಲೇ ಪಕ್ಕಕ್ಕೆ ಒಂದು ಸಾಲು ಗುರುತು ಹಾಕಿಡಿ.

ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ತೋರಿಸಲು ಹೋಗುವಾಗ ಆ ವಹಿ, ಹಳೆಯ ಫೀಲ್ಡ್ ಟೆಸ್ಟಿನ ಕಾಗದಗಳು, ಈಗ ಹಾಕುವ ಡ್ರಾಪ್ಸ್ ಬಾಟಲಿ, ಮನೆಯಲ್ಲಿರುವ ಬಿಪಿ ಶುಗರ್ ಗುಳಿ‌ಗೆಗಳ ಪಟ್ಟಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹತ್ತು ದಿನ ಡ್ರಾಪ್ಸ್ ಬಿಟ್ಟಿದ್ದೆವು ಅನ್ನುವುದನ್ನು ಮುಚ್ಚಿಡಬೇಡಿ, ಒತ್ತಡದ ಲೆಕ್ಕ ತಪ್ಪುತ್ತದೆ. ಬೆಳಗಿನ ಡ್ರಾಪ್ಸ್ ಹಾಕಿಕೊಂಡೇ ಮನೆ ಬಿಡಿ.